ಜಾರುಬಂಡಿಗೆ ಮೂರು ಬೆರಳು ವಿಭೂತಿ

ಹೊನ್ನೂರಮ್ಮನ ಮನೆಗೆ ಎರಡೇ ಕೋಣೆ, ಮಕ್ಕಳು ಐದು. ಹಿರಿಯ ಎರ್ರಿಸ್ವಾಮಿಗೆ ಹತ್ತು ವರ್ಷ, ಎಲ್ಲಕ್ಕಿಂತ ಚಿಕ್ಕದಕ್ಕೆ ಮೂರು. ಸಿರುಗುಪ್ಪದಲ್ಲಿದ್ದಾಗ ಈ ಐವರೂ ಬೆಳಿಗ್ಗೆ ಹೊಳೆಯ ಕಡೆ ಹೋದರೆ ಉಣ್ಣುವ ಹೊತ್ತಿಗಷ್ಟೇ ಕಣ್ಣಿಗೆ ಬೀಳುತ್ತಿದ್ದರು. ಗಂಡ ಪಾಲಯ್ಯನಿಗೆ ಬಳ್ಳಾರಿಯ ಹತ್ತಿ ಗಿರಣಿಯಲ್ಲಿ ಕೆಲಸ ಸಿಕ್ಕಿ, 1951ರ ದೀಪಾವಳಿಯಾದ ಮೇಲೆ ಸತ್ಯನಾರಾಯಣಪೇಟೆಯಾಚೆಗಿನ ಹೊಸ ಬಡಾವಣೆಗೆ ಬಂದಿದ್ದರು. ನಿನ್ನೆ ಮೊನ್ನೆಯವರೆಗೆ ಜೋಳ ಬೆಳೆದ ನೆಲವದು. ಎದ್ದು ನಿಂತ ಮನೆಗಳು ಇಪ್ಪತ್ತೆಂಟು. ಉಳಿದ ಕಡೆಯೆಲ್ಲ ಪಾಯದ ಗುಂಡಿ, ಸುಣ್ಣದ ಗುಂಡಿ. ಅಲ್ಲಿ ಮಕ್ಕಳನ್ನು ಬಿಡುವ ಹಾಗಿರಲಿಲ್ಲ. ಹೀಗಾಗಿ ಐವರೂ ಮನೆಯೊಳಗೇ ಆಡುತ್ತಿದ್ದರು.

ಒಂದು ಬುಧವಾರ ಎರಡನೆಯವಳು ಮೂರನೆಯವನನ್ನು ಜೋಳದ ಗುಡಾಣದೊಳಗೆ ಇಳಿಸಿ, ಮುಚ್ಚಳ ಹಾಕಿ, ಮೇಲೆ ತಾನು ಕುಳಿತು, ತಮ್ಮ ಎಲ್ಲಿ ಎಂದು ಕೇಳಿದವರಿಗೆಲ್ಲ ರೈಲಿಗೆ ಹೋದ ಎಂದು ಹೇಳುತ್ತಿದ್ದಳು. ಹೊನ್ನೂರಮ್ಮ ನಿಲ್ದಾಣದ ದಾರಿಯಲ್ಲಿ ಅರ್ಧ ಮೈಲಿ ಓಡಿದ ಮೇಲೆ ಹುಡುಗ ಗುಡಾಣದೊಳಗಿಂದ ಸೀನಿದ.

ಆದ್ದರಿಂದ 1952ರ ಫೆಬ್ರವರಿಯಲ್ಲಿ ಪುರಸಭೆಯಿಂದ ಎತ್ತಿನ ಗಾಡಿಯ ಮೇಲೆ ಕಬ್ಬಿಣದ ಜಾರುಬಂಡಿ ಬಂದಾಗ ಆಕೆಗಾದಷ್ಟು ಸಂತೋಷ ಮಕ್ಕಳಿಗೂ ಆಗಲಿಲ್ಲ. ಮೂಲೆಯ ಖಾಲಿ ಜಾಗದಲ್ಲಿ ಗುಂಡಿ ತೋಡಿ ಅದನ್ನು ನಿಲ್ಲಿಸಿದರು. ಏಳು ಮೆಟ್ಟಿಲು, ಕೆಂಪು ಬಣ್ಣ, ಕೆಳಗೆ ಮರಳು.

ಕೂಲಿಯವರು ಗುದ್ದಲಿ ಎತ್ತಿಕೊಳ್ಳುವ ಮೊದಲೇ ದೊಡ್ಡಬಸಮ್ಮ ಪೂಜೆಯ ತಟ್ಟೆ ಹಿಡಿದು ಬಂದಳು. ಕುರುಗೋಡಿನ ಈ ಮುದುಕಿ ಬಡಾವಣೆಗೆ ಎಲ್ಲರಿಗಿಂತ ಹಿರಿಯಳು. ಹೊಸ ಬಾವಿ, ಹೊಸ ಬಾಗಿಲು, ಬೀದಿಯ ಮೊದಲ ದೀಪದ ಕಂಬ, ಎಲ್ಲಕ್ಕೂ ಪೂಜೆ ಮಾಡಿದವಳು ಅವಳೇ. ಜಾರುಬಂಡಿಯ ಕಾಲಿಗೂ ಮೂರು ಬೆರಳು ವಿಭೂತಿ ಎಳೆದು, ಕುಂಕುಮವಿಟ್ಟು, ಕಾಯಿ ಒಡೆದಳು. ಎಲ್ಲರೂ ಕೈ ಮುಗಿದರು. ಹೊನ್ನೂರಮ್ಮನೂ ಮುಗಿದಳು. ಅದರಲ್ಲಿ ತಪ್ಪೇನಾದರೂ ಇದೆಯೆಂದು ಯಾರಿಗೂ ಅನ್ನಿಸಲಿಲ್ಲ.

ತಪ್ಪು ಗೊತ್ತಾದದ್ದು ಮರುದಿನ, ಎರ್ರಿಸ್ವಾಮಿ ಮೂರನೆಯ ಮೆಟ್ಟಿಲಲ್ಲಿದ್ದಾಗ.

“ಇಳೀಲೇ ಮಂಗ್ಯಾ,” ಎಂದು ದೊಡ್ಡಬಸಮ್ಮ ಕಟ್ಟೆಯ ಮೇಲಿಂದಲೇ ಕೂಗಿದಳು. “ಪೂಜಿ ಮಾಡಿದ ದೇವ್ರ ಮ್ಯಾಲ ಕುಂಡಿ ಇಡ್ತೀಯೇನು?”

ಹುಡುಗ ಇಳಿದ. ಉಳಿದ ತಾಯಂದಿರೂ ತಮ್ಮ ಮಕ್ಕಳನ್ನು ಎಳೆದುಕೊಂಡು ಹೋದರು. ಹೊನ್ನೂರಮ್ಮ ವಾದಕ್ಕೆ ನಿಂತಳು.

“ಅವ್ವಾ, ಆಯುಧಪೂಜಿಗೆ ಗಾಡಿಗೂ ಕಾಯಿ ಒಡೀತೀವಿ. ಮರುದಿನ ಅದರ ಮ್ಯಾಲ ಕುಂತು ಸಂತಿಗೆ ಹೋಗಂಗಿಲ್ಲೇನು?”

“ಗಾಡಿ ತಿರುಗಾಡ್ತೈತಿ ತಂಗಿ. ಇದು ನೆಲದಾಗ ಊರಿ ನಿಂತೈತಿ. ಊರಿ ನಿಂತದ್ದಕ್ಕ ಪೂಜಿ ಬಿತ್ತಂದ್ರ ಅದು ದೇವ್ರು.”

“ಹೊಸ್ತಿಲೂ ನೆಲದಾಗ ಊರಿ ನಿಂತೈತಲ್ಲ. ದಿನಾ ಅರಿಶಿಣ ಹಚ್ತೀವಿ.”

“ಹೊಸ್ತಿಲ ಮ್ಯಾಲ ಕುಂಡ್ರತೀಯೇನು ನೀನು?”

ಹೊನ್ನೂರಮ್ಮ ಎರ್ರಿಸ್ವಾಮಿಯ ಕೈ ಹಿಡಿದು ಮನೆಗೆ ನಡೆದಳು. ಹೊಸ್ತಿಲ ಮೇಲೆ ಕೂತಿದ್ದಕ್ಕೆ ಅಂದು ಬೆಳಿಗ್ಗೆಯೇ ಆಕೆ ನಾಲ್ಕನೆಯವನ ಬೆನ್ನಿಗೆ ಒಂದು ಕೊಟ್ಟಿದ್ದಳು.

ಮುಂದಿನ ವಾರಗಳಲ್ಲಿ ಜಾರುಬಂಡಿಯ ಮಹಿಮೆ ಬೆಳೆಯಿತು. ಸೋಮವಾರ ಸೋಮವಾರ ದೀಪ ಹಚ್ಚಿದರು. ಮೊಣಕಾಲು ನೋವಿನವರು ತಗಡಿನ ಉದ್ದಕ್ಕೂ ಎಣ್ಣೆ ಸವರಿದರು. ಮೋಕ ಎಂಬ ಊರಿನಿಂದ ಬಂದ ಒಬ್ಬಾಕೆ ಕಳೆದುಹೋದ ಎಮ್ಮೆ ಸಿಗಲೆಂದು ಹರಕೆ ಹೊತ್ತು ಐದು ಸುತ್ತು ಬಂದಳು. ಎಮ್ಮೆ ಸಿಕ್ಕಿತು. ಅದು ಕಳೆದೇ ಇರಲಿಲ್ಲ, ಮೈದುನನ ಹಿತ್ತಲಲ್ಲಿತ್ತು ಎಂಬ ಸಂಗತಿಗೆ ಯಾರೂ ಬೆಲೆ ಕೊಡಲಿಲ್ಲ.

ಏಪ್ರಿಲ್ ಮೊದಲ ವಾರ ಪುರಸಭೆಯ ಓವರ್ಸೀಯರ್ ಅಯ್ಯಣ್ಣ ಸೈಕಲ್ ಮೇಲೆ ಬಂದ. ತಗಡನ್ನು ಬೆರಳಿನಿಂದ ಒರೆಸಿ ಮೂಸಿ ನೋಡಿದ.

“ಏನಮ್ಮಾ ಇದು, ಹುಡುಗ್ರು ಜಾರಿದ ಗುರ್ತು ಒಂದೂ ಇಲ್ಲ. ಬರೇ ಕುಸುಬಿ ಎಣ್ಣಿ.”

“ಆಡ್ತಾರ್ರೀ,” ಎಂದಳು ಹೊನ್ನೂರಮ್ಮ.

“ಯಾರು, ಒಗ್ಗರಣಿ ಹಾಕೋರಾ? ಆ ಕಡೆ ಬಡಾವಣಿಯವರು ನಮಗೊಂದು ಬೇಕಂತ ಅರ್ಜಿ ಕೊಟ್ಟಾರ. ಶುಕ್ರವಾರ ನಾಕು ಗಂಟೆಗೆ ಬರ್ತೀನಿ. ಒಂದು ಹುಡುಗ ಕಣ್ಣಿಗೆ ಬೀಳಲಿಲ್ಲಂದ್ರ ಕಿತ್ತು ಅವರಿಗೆ ಕಳಿಸ್ತೀನಿ.”

ಆಕೆ ಗಂಡನಿಗೆ ಹೇಳಿದಳು. ಪಾಲಯ್ಯ ರೊಟ್ಟಿ ಮುರಿಯುತ್ತ, “ದೇವ್ರು ಬ್ಯಾರೆ ಕಡೆ ಹೊಂಟ್ರ ಹೋಗಲಿ ಬಿಡು” ಎಂದ.

“ಆತು. ಶುಕ್ರವಾರದಿಂದ ಗಿರಣಿಗೆ ನಾ ಹೋಗ್ತೀನಿ. ಐದೂ ಮಕ್ಳ ಜೋಡಿ ನೀ ಮನ್ಯಾಗ ಇರು.”

ಪಾಲಯ್ಯ ಮೂಲೆಯತ್ತ ನೋಡಿದ. ಅಲ್ಲಿ ಅವನ ಛತ್ರಿ ಬಿಚ್ಚಿಕೊಂಡಿತ್ತು, ಒಳಗೆ ಇಬ್ಬರಿದ್ದರು. “ಏನಾರ ಒಂದು ಉಪಾಯ ಮಾಡು,” ಎಂದ.

ಉಪಾಯ ಹೊನ್ನೂರಮ್ಮನ ತಲೆಯಲ್ಲಿ ಆಗಲೇ ಇತ್ತು. ದೊಡ್ಡಬಸಮ್ಮ ಏಣಿ ಹತ್ತಬಲ್ಲಳು, ಇಳಿಯಲಾರಳು. ಸಂಕ್ರಾಂತಿಯಲ್ಲಿ ಮಾಳಿಗೆ ಹತ್ತಿದವಳನ್ನು ಇಬ್ಬರು ಗಂಡಸರು ಮೂಟೆಯಂತೆ ಇಳಿಸಿದ್ದರು.

ಶುಕ್ರವಾರ ಮಧ್ಯಾಹ್ನ ಆಕೆ ಮುದುಕಿಯ ಕಟ್ಟೆಗೆ ಹೋಗಿ ಕೂತಳು.

“ಅವ್ವಾ, ಎರಡು ತಿಂಗಳಾತು, ಬರೇ ಕಾಲಿಗೇ ಪೂಜಿ ನಡದೈತಿ. ತಲಿ ಬೋಳು ಐತಲ್ಲ.”

ದೊಡ್ಡಬಸಮ್ಮ ಕಣ್ಣು ಕಿರಿದು ಮಾಡಿ ಜಾರುಬಂಡಿಯ ತುದಿಯನ್ನು ನೋಡಿದಳು. ನಿಜವೇ. ಅಲ್ಲಿ ಕಾಗೆಯದಲ್ಲದೆ ಬೇರೆ ಗುರುತಿರಲಿಲ್ಲ.

“ನಾ ಹತ್ತಿ ಹಚ್ಚಲೇನು?” ಎಂದಳು ಹೊನ್ನೂರಮ್ಮ.

“ನೀನಾ? ಜಳಕ ಮಾಡೀಯೋ ಇಲ್ಲೋ. ನಾನಾ ಹತ್ತತೀನಿ ತಗಾ.”

ನಾಲ್ಕಕ್ಕೆ ಐದು ನಿಮಿಷವಿರುವಾಗ ಒದ್ದೆ ಸೀರೆಯುಟ್ಟು, ದೀಪದ ತಟ್ಟೆ ಹಿಡಿದು, ದೊಡ್ಡಬಸಮ್ಮ ಏಳು ಮೆಟ್ಟಿಲನ್ನೂ ಹತ್ತಿದಳು. ಬಡಾವಣೆಯ ಮಕ್ಕಳೆಲ್ಲ ನೆರೆದರು. ಅಯ್ಯಣ್ಣನೂ ಬಂದು ಸೈಕಲ್ ನಿಲ್ಲಿಸಿದ. ಮುದುಕಿ ಹಿಡಿಕೆಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ತಿರುಗಿ ಕೆಳಗೆ ನೋಡಿದಳು. ನೋಡಿ, ತಟ್ಟೆಯ ಸಮೇತ ಅಲ್ಲೇ ಕುಳಿತುಬಿಟ್ಟಳು.

“ನಾ ಇಳಿಸ್ತೀನಿ ತಡೀರಿ,” ಎಂದು ಅಯ್ಯಣ್ಣ ಮೆಟ್ಟಿಲಿಗೆ ಕಾಲಿಟ್ಟ.

“ಮುಟ್ಟಬ್ಯಾಡ್ರಿ. ಮಡೀಲಿ ಅದೀನಿ.”

ಅಯ್ಯಣ್ಣ ಕಾಲು ತೆಗೆದ. ಮೇಲೆ ಮಡಿ, ಹಿಂದೆ ಮೆಟ್ಟಿಲು.

“ಅವ್ವಾ,” ಎಂದಳು ಹೊನ್ನೂರಮ್ಮ ಮೆಲ್ಲಗೆ, “ಮುಂದಿನ ದಾರಿ ಖಾಲಿ ಐತಿ.”

ದೊಡ್ಡಬಸಮ್ಮ ಉತ್ತರ ಕೊಡಲೆಂದು ಮುಂದಕ್ಕೆ ಬಾಗಿದಳು. ಅಷ್ಟೇ ಸಾಕಾಯಿತು. ಎರಡು ತಿಂಗಳ ಹರಕೆಯ ಎಣ್ಣೆ ತನ್ನ ಕೆಲಸ ಮಾಡಿತು. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ ಮುದುಕಿ ನೆಟ್ಟಗೆ ಕುಳಿತಂತೆಯೇ ಕೆಳಗಿಳಿದು, ತಗಡು ಮುಗಿದ ಮೇಲೂ ನಿಲ್ಲದೆ, ಮರಳಿನಲ್ಲಿ ಮೂರು ಮೊಳ ಸಾಗಿ ಅಯ್ಯಣ್ಣನ ಸೈಕಲ್ಲಿನ ಮುಂದೆ ನಿಂತಳು. ದೀಪ ಆರಿರಲಿಲ್ಲ.

ಯಾರೂ ನಗಲಿಲ್ಲ. ಧೈರ್ಯವಿರಲಿಲ್ಲ.

“ದೇವ್ರು,” ಎಂದಳು ದೊಡ್ಡಬಸಮ್ಮ ಉಸಿರು ಸಿಕ್ಕ ಮೇಲೆ, “ತಾನಾ ಇಳಿಸ್ತು ನೋಡ್ರಿ.”

ಹೊನ್ನೂರಮ್ಮ ಕೈ ಮುಗಿದು ಮುಂದೆ ಬಂದಳು. “ನಿಮ್ಮನ್ನ ಇಳಿಸಿದ್ದು ಕೂಸುಗಳನ್ನ ಬ್ಯಾಡ ಅಂತೈತೇನವ್ವಾ?”

ಮುದುಕಿ ತಗಡನ್ನು ನೋಡಿದಳು, ಮಕ್ಕಳನ್ನು ನೋಡಿದಳು. “ಕಾಲು ತೊಳ್ಕಂಡು ಬರ್ರಿ,” ಎಂದಳು ಕೊನೆಗೆ. “ಕೈ ಮುಗದು ಇಳೀಬೇಕು. ಕಿರುಚಿದ್ರ ನೋಡ್ರಿ ಮತ್ತ.”

ಇಪ್ಪತ್ತಾರು ಮಕ್ಕಳು ಬಾವಿಯ ಕಡೆ ಓಡಿದರು. ಹತ್ತು ನಿಮಿಷದಲ್ಲಿ ಒದ್ದೆ ಕಾಲಿನ ಸಾಲೊಂದು ನಿಂತಿತು. ಒಬ್ಬೊಬ್ಬರಾಗಿ, ಸದ್ದಿಲ್ಲದೆ, ಕೈ ಮುಗಿದುಕೊಂಡು ಜಾರತೊಡಗಿದರು. ಅಯ್ಯಣ್ಣ ಪುಸ್ತಕ ತೆಗೆದ. ಉಪಯೋಗ ಎಂಬಲ್ಲಿ ಆಟ ಎಂದು ಬರೆದು, ಸಾಲನ್ನು ಇನ್ನೊಮ್ಮೆ ನೋಡಿ, ಭಜನೆ ಎಂದೂ ಸೇರಿಸಿದ. ಜಾರುಬಂಡಿ ಇಲ್ಲೇ ಇರಲಿ ಎಂದು ಹೇಳಿ ಸೈಕಲ್ ಹತ್ತಿದ.

ಹೊನ್ನೂರಮ್ಮ ಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಎರಡೂ ಕೋಣೆ ಖಾಲಿ. ಗುಡಾಣದಲ್ಲಿ ಜೋಳ ಬಿಟ್ಟರೆ ಏನೂ ಇರಲಿಲ್ಲ. ಗೋಡೆಗೆ ಒರಗಿ ಕಾಲು ಚಾಚಿ ಕಣ್ಣು ಮುಚ್ಚಿದಳು.

ಬಾಗಿಲು ಬಡಿದ ಸದ್ದಾಯಿತು. ಹೊರಗೆ ದೊಡ್ಡಬಸಮ್ಮ, ಕೈಯಲ್ಲಿ ಅದೇ ತಟ್ಟೆ.

“ಹೊನ್ನೂರಿ, ದೇವ್ರ ತಲಿಗೆ ಹೂವು ಇಡಾದು ಮರ್ತೀನಿ. ಇನ್ನೊಮ್ಮೆ ಹತ್ತಬೇಕು ಬಾ.”

“ಹುಡುಗ್ರ ಹಿಂದ ಸಾಲಿನ್ಯಾಗ ನಿಂದ್ರಬೇಕಾಗ್ತೈತವ್ವಾ.”

“ನಿಂದರ್ತೀನಿ,” ಎಂದಳು ಮುದುಕಿ. “ಆಗಲೇ ಕಾಲು ತೊಳ್ಕಂಡೀನಿ.”