ಮೊಣಕೈಯಿಂದ ಮುಚ್ಚಿದ ಪೆಟ್ಟಿಗೆ

ದೊಡ್ಡಮ್ಮ ಆ ರಿಬ್ಬನ್ ಮೈಕನ್ನು ದೊರೆಸಾನಿ ಎಂದು ಕರೆಯುತ್ತಿದ್ದಳು. ಅದರ ಮುಂದೆ ಕೆಮ್ಮುವಂತಿಲ್ಲ, ಊದುವಂತಿಲ್ಲ, ತೀರಾ ಹತ್ತಿರ ಬಾಯಿ ತರುವಂತಿಲ್ಲ. ಒಳಗೆ ಅಯಸ್ಕಾಂತಗಳ ನಡುವೆ, ಕೂದಲಿಗಿಂತ ಎಷ್ಟೋ ತೆಳುವಾದ ಅಲ್ಯೂಮಿನಿಯಂ ಪಟ್ಟಿಯೊಂದು ನೇತಾಡುತ್ತಿರುತ್ತದೆ. ಗಾಳಿ ಜೋರಾಗಿ ಬಡಿದರೆ ಜಗ್ಗಿಹೋಗುತ್ತದೆ. ಅಂಧರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವ ನಮ್ಮ ಸ್ಟುಡಿಯೋದಲ್ಲಿ ಹತ್ತೊಂಬತ್ತು ವರ್ಷ ಅದನ್ನು ಕಾಯ್ದವಳು ನಾನು. ಅದರ ಪೆಟ್ಟಿಗೆಯ ಮೇಲಿನ ‘ನಿಧಾನವಾಗಿ ಮುಚ್ಚಿ’ ಎಂಬ ಚೀಟಿಯೂ ನನ್ನದೇ ಅಕ್ಷರ.

ಆ ಶುಕ್ರವಾರ ಮಧ್ಯಾಹ್ನಕ್ಕೆ ದೊಡ್ಡಮ್ಮ ಓದುತ್ತಿದ್ದ ಕಾದಂಬರಿಯಲ್ಲಿ ಇಪ್ಪತ್ತಾರು ಪುಟ ಉಳಿದಿತ್ತು. ಮರುದಿನ ಬೆಳಿಗ್ಗೆ ಅವಳು ಆಸ್ಪತ್ರೆಗೆ ಸೇರಬೇಕು, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಈಚೆಗೆ ಅವಳ ದನಿ ಸಂಜೆ ನಾಲ್ಕರ ತನಕ ಬಂದರೆ ಹೆಚ್ಚು. ಆಮೇಲೆ ಬರೀ ಗಾಳಿ.

ಊಟದ ಹೊತ್ತಿಗೆ ಮೈಕನ್ನು ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿದೆ. ವಾರದಿಂದ ಸರಿಯಾದ ನಿದ್ದೆಯಿರಲಿಲ್ಲ. ಮುಚ್ಚುವ ಮೊದಲೇ ಎರಡೂ ಕೈಯಲ್ಲಿ ಊಟದ ತಟ್ಟೆ ಎತ್ತಿಕೊಂಡಿದ್ದೆ. ಮುಚ್ಚಳವನ್ನು ಮೊಣಕೈಯಿಂದ ತಳ್ಳಿದೆ. ಅದು ಟಪ್ಪೆಂದು ಕೂತಿತು. ಬಿಗಿಯಾದ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡ ಗಾಳಿ ಪಟ್ಟಿಯ ಮೇಲೆ ನುಗ್ಗಿತು. ಬಾಯಿಟ್ಟು ಊದಿದ್ದರೂ ಅಷ್ಟೇ ಆಗುತ್ತಿತ್ತು.

ಒಂದು ಗಂಟೆಗೆ ಮತ್ತೆ ಓದಿಸಿದರೆ ದನಿ ಕಂಬಳಿಯೊಳಗಿನಿಂದ ಬಂದಂತಿತ್ತು. ಏನಾಗಿದೆಯೆಂದು ಗೊತ್ತಿದ್ದೂ ತಂತಿ ಬದಲಿಸಿದೆ, ಪ್ಲಗ್ ಒರೆಸಿದೆ, ಯಂತ್ರ ಬದಲಿಸಿದೆ. ಒಂದೂವರೆ ಗಂಟೆ ಹಾಳಾಯಿತು.

“ಏನಾಯ್ತೇ ದೊರೆಸಾನಿಗೆ?”

“ಪಟ್ಟಿ ಜೋತುಬಿದ್ದಿದೆ. ಹೊಸದು ಹಾಕಿಸೋಕೆ ಮೂರು ವಾರ ಬೇಕು.”

“ಯಾವ ಪುಣ್ಯಾತ್ಮ ಊದಿದ್ದು?”

“ನಾನೇ. ಮೊಣಕೈಯಲ್ಲಿ ಮುಚ್ಚಿಬಿಟ್ಟೆ.”

ದೊಡ್ಡಮ್ಮ ನನ್ನನ್ನೇ ನೋಡಿದಳು. “ಊರಿಗೆಲ್ಲ ಚೀಟಿ ಬರೆದು ಅಂಟಿಸಿದವಳು! ಹೋಗ್ಲಿ, ಆ ಇನ್ನೊಂದು ಮೈಕ್ ತಗೊಂಡು ಬಾ.”

“ಅದ್ರಲ್ಲಿ ನಿನ್ನ ಗೊರಗೊರ ಎಲ್ಲ ಕೇಳ್ಸತ್ತೆ. ಇದಾದ್ರೆ ಅದನ್ನ ಮುಚ್ಚಿಡ್ತಿತ್ತು.”

“ಕೇಳ್ಲಿ ಬಿಡೇ. ಈ ವಯಸ್ಸಲ್ಲಿ ಗಂಟಲಿಗೂ ಪೌಡರ್ ಬಳೀಬೇಕಾ?”

ಎರಡೂವರೆಗೆ ಶುರುಮಾಡಿದಳು. ನಿಲ್ಲದೆ ಇಪ್ಪತ್ತೆರಡು ಪುಟ ಓದಿದಳು. ಮುಂದಿನ ಪುಟದ ಮೊದಲ ವಾಕ್ಯವೇ ಗಾಳಿಯಾಯಿತು. ನೀರು ಕುಡಿದಳು. ಮತ್ತೆ ಗಾಳಿ. ಉಳಿದದ್ದು ನಾಲ್ಕೇ ಪುಟ, ಹೆಚ್ಚೆಂದರೆ ಹದಿನೈದು ನಿಮಿಷದ ಕೆಲಸ.

ಪುಸ್ತಕವನ್ನು ನನ್ನತ್ತ ತಳ್ಳಿದಳು.

“ನನ್ನ ಓದು ಯಾರು ಕೇಳ್ತಾರೆ, ದೊಡ್ಡಮ್ಮ?”

ಅವಳು ವಾಕ್ಯದ ಮೊದಲ ಪದದ ಮೇಲೆ ಬೆರಳಿಟ್ಟಳು. ನಾನು ಓದತೊಡಗಿದೆ. ಅಲ್ಪವಿರಾಮ ನುಂಗಿದಾಗಲೆಲ್ಲ ತೋಳು ಚಿವುಟಿದಳು. ಎರಡನೆಯ ಪುಟ ಮುಗಿಯುವ ಹೊತ್ತಿಗೆ ಚಿವುಟುವುದನ್ನೂ ಬಿಟ್ಟು, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ನನ್ನ ಓದು ಸುಧಾರಿಸಿತ್ತೋ, ಅವಳಿಗೇ ಸಾಕಾಗಿತ್ತೋ ತಿಳಿಯಲಿಲ್ಲ. ನಾನು ಪುಟ ತಿರುಗಿಸಿದೆ.