ದಾರಗಳೆಲ್ಲ ರಾಚವ್ವನ ಬಾಗಿಲಿಗೆ

ಮುಂಬೈಯ ಚೆಂಬೂರಿನಲ್ಲಿ, ದುಡಿಯಲು ಬಂದ ಕನ್ನಡಿಗರ ನಮ್ಮ ಗಲ್ಲಿಗೆ ಮುಖಂಡ ನಾನೇ, ಮರೆಪ್ಪ. ನಾನು ಸೀನಿದರೆ ರಿಫೈನರಿಯ ಹೊಗೆ ದಿಕ್ಕು ಬದಲಿಸುತ್ತದೆ. ಪಕ್ಕದ ಗಲ್ಲಿಗೆ ದಡಾರ ಬಂದಿದೆ ಎಂದು ಕೇಳಿದ್ದೇ ಮೈಕ್ ಹಿಡಿದು ಕೂಗಿದೆ, "ಮಕ್ಕಳಿಗೆ ಲಸಿಕೆ ಹಾಕಿಸಿ!" ನನ್ನ ದನಿಗೆ ದೂರದ ದಹಿಸರ್‌ನಲ್ಲಿ ಲೋಕಲ್ ರೈಲು ನಿಂತುಬಿಟ್ಟಿತು. ಲಸಿಕೆಗೆ ಮಾತ್ರ ಯಾರೂ ಬರಲಿಲ್ಲ.

ಹಿಂದಿ ಬೆರೆಸಿ ಕನ್ನಡ ಮಾತಾಡುವ ಆರೋಗ್ಯ ಕಾರ್ಯಕರ್ತೆ ಶೀತಲ್ ನಮ್ಮ ನೆರೆಯ ಲಕ್ಷ್ಮವ್ವನ ಮನೆಗೆ ಹೋದಳು. ಲಕ್ಷ್ಮವ್ವನ ಮಗಳಿಗೆ ಆಗಷ್ಟೇ ಒಂಬತ್ತು ತಿಂಗಳು ತುಂಬಿತ್ತು.

"ಊರಿಗೆ ಹೋದ ಮ್ಯಾಲ ಹಾಕಸ್ತೀನವ್ವಾ. ನಮ್ಮೂರ ಗಾಳ್ಯಾಗ ಸೂಜಿ ಚುಚ್ಚಿದ್ರ ಕೂಸು ತಡಕೋತದ."

"ಊರಿಗೆ ಕಬ್, ಯಾವಾಗ?"

"ಇಲ್ಲಿ ಕೆಲಸ ಮುಗೀಲಿ."

ಮುಂಬೈಯಲ್ಲಿ ಕೆಲಸ ಮುಗಿದದ್ದನ್ನು ಸೂರ್ಯನೂ ಕಂಡಿಲ್ಲ!

ಶೀತಲ್ ಹೆಂಗಸರಿಗೆಲ್ಲ ಗೋಣಿದಾರ ಹಂಚಿದಳು. "ಕೂಸಿಗೆ ಜ್ವರ ಬಂದ್ರೆ ಮೊದಲು ಯಾರ್ನ ಕೇಳ್ತೀರಿ? ನಿಮ್ಮ ಬಾಗಿಲಿಂದ ಅವರ ಬಾಗಿಲಿಗೆ ದಾರ ಕಟ್ಟಿ. ಯಾರ ಮಾತು ನಡೀತದೆ, ಕಾಣಿಸ್ತದೆ."

ನಾನು ಬಾಗಿಲಿಗೆ ಹೆಚ್ಚುವರಿ ಮೊಳೆಗಳನ್ನೇ ಹೊಡೆದು ಕಾದೆ. ಬಂದದ್ದು ಒಂದೇ ದಾರ. ಅದೂ ಬಟ್ಟೆ ಒಣಹಾಕಲು ನನ್ನ ಹೆಂಡತಿ ಕಟ್ಟಿದ್ದು. ಉಳಿದವೆಲ್ಲ ಮುದುಕಿ ರಾಚವ್ವನ ಬಾಗಿಲಲ್ಲಿ ಜೇಡರ ಬಲೆಯಂತೆ ಕೂಡಿಕೊಂಡವು.

"ಮುಖಂಡಾ, ನಿನ್ನ ಬಾಗಿಲಿಗೆ ಇರುವಿನೂ ಬರಲಿಲ್ಲಲ್ಲೋ!" ರಾಚವ್ವ ನಕ್ಕಳು.

ಊರಿನಿಂದ ಬರುವ ಜೋಳದ ರೊಟ್ಟಿಯ ಗಂಟು ಬಿಚ್ಚುವುದು ಅವಳ ಹೊಸ್ತಿಲಲ್ಲೇ. ಹೆಂಗಸರು ತಿನ್ನುವ ಮೊದಲು ರೊಟ್ಟಿಯನ್ನು ಮೂಸುತ್ತಾರೆ, ಊರ ಒಲೆಯ ಹೊಗೆ ಇನ್ನೂ ಉಳಿದಿದೆಯೇ ಎಂದು. 'ಲಸಿಕಿ ಊರಾಗ ಹಾಕಸೂಣು' ಎಂಬ ಮಾತೂ ಹೊರಟದ್ದು ಅಲ್ಲಿಂದಲೇ.

ಬಾಗಿಲ ಬಳಿ ಕಟ್ಟಿಟ್ಟ ಟ್ರಂಕು ಕಂಡು ಶೀತಲ್ ಕೇಳಿದಳು, "ಅಜ್ಜಿ, ಇದು ಯಾವಾಗ ಕಟ್ಟಿದ್ದು?"

ರಾಚವ್ವ ಅದರ ಮೇಲೆ ಕೈಯಾಡಿಸಿದಳು. "ನನ್ನ ಮಗ ತೊಟ್ಟಿಲಾಗ ಇದ್ದಾಗ. ಈಗ ಅವನ ಮೀಸಿ ಬೆಳ್ಳಗಾಗ್ಯಾವ. ದಿನಾ ನಾಳಿ ಹೋಗೂಣು ಅಂತೀನಿ."

"ದಡಾರ ಅಷ್ಟು ದಿನ ರುಕಲ್ಲ, ಕಾಯಲ್ಲ, ಅಜ್ಜಿ."

ರಾಚವ್ವ ಟ್ರಂಕಿನ ಮೇಲಿಂದ ಕೈ ತೆಗೆದಳು. ಆಮೇಲೆ ಎದ್ದು ಕೂಗಿದಳು, "ಲಕ್ಷ್ಮೀ, ಕೂಸಿನ್ನ ತಾ, ನಾ ಎತ್ಕೋತೀನಿ. ಊರು ಎಲ್ಲಿಗೂ ಓಡಂಗಿಲ್ಲ. ನೋಡಾಕ ಈ ಕೂಸು ಇರಬೇಕಲ್ಲ!"

ಗಲ್ಲಿಯೇ ಅವಳ ಹಿಂದೆ ದವಾಖಾನೆಗೆ ನಡೆಯಿತು. ಸಾಲು ದೂರದ ಪರೇಲ್ ಮುಟ್ಟಿತ್ತು ಎನ್ನುತ್ತೇನೆ ನಾನು. ನಂಬುವುದು ನಿಮಗೆ ಬಿಟ್ಟದ್ದು. ಸೂಜಿಗೆ ಅತ್ತ ಕೂಸಿನ ಕಿವಿಯಲ್ಲಿ ರಾಚವ್ವ ಊರ ಹಳ್ಳದ ಕಥೆ ಹೇಳಿದಳು. ಟ್ರಂಕು ಇನ್ನೂ ಕಟ್ಟಿಯೇ ಇದೆ. ಈಗ ಅದರ ಮೇಲೆ ಆ ಕೂಸು ನಿಂತು ಕುಣಿಯುತ್ತದೆ.

ಅಕ್ಕ-ಅಣ್ಣಂದಿರೇ, ಊರಿನ ಹಂಬಲ ಇರಲಿ, ಲಸಿಕೆ ಅದಕ್ಕಾಗಿ ಕಾಯದಿರಲಿ. ಒಂಬತ್ತು ತಿಂಗಳು ತುಂಬಿದ್ದೇ ಕೂಸನ್ನು ಸರ್ಕಾರಿ ದವಾಖಾನೆಗೆ ಕರೆದೊಯ್ಯಿರಿ. ದಡಾರದ ಲಸಿಕೆ ಅಲ್ಲಿ ಉಚಿತ. ಎರಡನೆಯ ಡೋಸನ್ನೂ ಮರೆಯಬೇಡಿ. ನಿಮ್ಮ ಗಲ್ಲಿಯವರು ಕಷ್ಟಕ್ಕೆ ಯಾರ ಹೊಸ್ತಿಲಲ್ಲಿ ಕೂರುತ್ತಾರೋ, ಮೊದಲು ಆ ಬಾಗಿಲು ತಟ್ಟಿ. ಮೈಕ್ ಬೇಕಾದರೆ ನಾನಿದ್ದೇನೆ.