ನಕಲಿ ಎಂದ ಯಂತ್ರಕ್ಕೆ ನನ್ನ ಉತ್ತರ

ಹದಿನಾರು ವರ್ಷದಿಂದ ಈ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದೇನೆ. ಬೈದವರಿದ್ದಾರೆ, ತಲೆ ತಿಂದವರಿದ್ದಾರೆ, ಹೆಂಗಸಿನ ಕೈಯಲ್ಲಿ ಸ್ಪ್ಯಾನರ್ ನೋಡಿ ಮೂಗು ಮುರಿದವರೂ ಇದ್ದಾರೆ. ಮೋಸಗಾರ್ತಿ ಎಂದವರು ಮಾತ್ರ ಯಾರೂ ಇರಲಿಲ್ಲ. ಆ ಸೋಮವಾರ ಬೆಳಗ್ಗೆ ಒಂದು ಡಯಾಲಿಸಿಸ್ ಯಂತ್ರ ಅದನ್ನೂ ಅಂದುಬಿಟ್ಟಿತು.

ನಮ್ಮಲ್ಲಿರುವುದು ಎರಡೇ ಡಯಾಲಿಸಿಸ್ ಯಂತ್ರ. ಹೋದ ತಿಂಗಳು ಬಂದವು, ಒಂದೇ ಕಂಪನಿಯವು, ಒಂದೇ ಲಾರಿಯಿಂದ ಇಳಿದವು. ಅವುಗಳ ಮುಖ್ಯ ಭಾಗಗಳಲ್ಲೆಲ್ಲ ಒಂದೊಂದು ಪುಟ್ಟ ಚಿಪ್ ಇದೆ. ಸ್ವಿಚ್ ಹಾಕಿದ ಕೂಡಲೇ ಯಂತ್ರವೇ ಆ ಚಿಪ್‌ನ ನಂಬರ್ ಓದಿ, ಆ ಭಾಗ ಅಸಲಿಯೋ ನಕಲಿಯೋ ಎಂದು ತೀರ್ಮಾನಿಸುತ್ತದೆ; ತನ್ನ ಜೊತೆಗೇ ಬಂದ ಭಾಗದ ನಂಬರ್ ಬಿಟ್ಟು ಬೇರೆ ಯಾವುದನ್ನೂ ಒಪ್ಪುವುದಿಲ್ಲ. ಇಂಥ ಪರೀಕ್ಷೆಯೇ ಬೇಡ ಎನ್ನುವವಳಲ್ಲ ನಾನು. ಹಿಂದೆ ಯಾರೋ ತಂದು ಕೂರಿಸಿದ್ದ ಕಳಪೆ ಸೆನ್ಸರ್ ತಪ್ಪು ಒತ್ತಡ ತೋರಿಸಿ, ರೋಗಿಯೊಬ್ಬರು ಸಾವಿನ ಬಾಯಿಗೆ ಹೋಗಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಸೆನ್ಸರನ್ನು ಸುತ್ತಿಗೆಯಿಂದ ಜಜ್ಜಿ ಕಸದ ಬುಟ್ಟಿಗೆ ಹಾಕಿದವಳೂ ನಾನೇ.

ತಿಂಗಳಿಗೊಮ್ಮೆ ಎರಡೂ ಯಂತ್ರಗಳ ಒತ್ತಡದ ಸೆನ್ಸರ್ ಬಿಚ್ಚಿ ಒರೆಸಿ, ಒಂದೇ ಟ್ರೇಯಲ್ಲಿ ಅಕ್ಕಪಕ್ಕ ಇಟ್ಟು ಆರಿಸುವುದು ನನ್ನ ಪದ್ಧತಿ. ಹಳೆಯ ಯಂತ್ರಗಳಿಗೆ ಯಾವುದು ಯಾವುದಕ್ಕೆ ಹೋದರೂ ನಡೆಯುತ್ತಿತ್ತು. ಅವತ್ತು ಟ್ರೇ ಇಟ್ಟ ಹೊತ್ತಿಗೇ ಪಕ್ಕದ ವಾರ್ಡಿನಲ್ಲಿ ಆಕ್ಸಿಜನ್ ಅಲಾರಂ ಕೂಗಿತು. ಓಡಿದೆ, ಸರಿಮಾಡಿದೆ, ವಾಪಸ್ ಬಂದು ಸೆನ್ಸರ್‌ಗಳನ್ನು ಕೂರಿಸಿ ಸ್ವಿಚ್ ಹಾಕಿದೆ. ಎರಡೂ ಪರದೆಗಳು ಕೆಂಪಾದವು. ‘ನಕಲಿ ಬಿಡಿಭಾಗ ಪತ್ತೆಯಾಗಿದೆ. ಯಂತ್ರವನ್ನು ತಡೆಹಿಡಿಯಲಾಗಿದೆ.’

ಒಂದರದ್ದು ಇನ್ನೊಂದಕ್ಕೆ ಹೋಗಿದೆ ಎಂದು ಹೊಳೆಯಲು ಅರ್ಧ ನಿಮಿಷ ಬೇಕಾಯಿತು. ಬಿಚ್ಚಿ ಸರಿಯಾಗಿ ಹಾಕಿದೆ. ಕೆಂಪು ಕದಲಲಿಲ್ಲ. ಒಮ್ಮೆ ಬೀಗ ಬಿದ್ದರೆ ಕಂಪನಿಯವರು ಕೋಡ್ ಕಳಿಸುವ ತನಕ ಅದು ಯಾರ ಮಾತೂ ಕೇಳುವುದಿಲ್ಲ.

ಅಷ್ಟರಲ್ಲಿ ಟೈಲರಮ್ಮ ಬಂದು ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಬಸ್ ನಿಲ್ದಾಣದ ಎದುರು ಹೊಲಿಗೆ ಅಂಗಡಿ ಇಟ್ಟಿರುವ ಹೆಂಗಸು. ಗುರುವಾರ ಡಯಾಲಿಸಿಸ್ ಆಗಿತ್ತು, ಮತ್ತೆ ಇವತ್ತೇ. ಕಾಲು ಊದಿಕೊಂಡು ಚಪ್ಪಲಿ ಹಿಡಿಸದೆ ಬರಿಗಾಲಲ್ಲಿ ಬಂದಿದ್ದರು. ಎರಡು ಮಾತಾಡಿದರೆ ಏದುಸಿರು. ಡಯಾಲಿಸಿಸ್ ಇರುವ ಇನ್ನೊಂದು ಆಸ್ಪತ್ರೆ ನಾಲ್ಕು ಗಂಟೆಯ ದಾರಿ, ಅಲ್ಲಿ ಇವತ್ತು ಜಾಗವಿಲ್ಲ.

ಕಂಪನಿಗೆ ಫೋನ್ ಮಾಡಿದೆ. ಬೆಣ್ಣೆಯಂಥ ದನಿಯವನೊಬ್ಬ ಎಲ್ಲ ಕೇಳಿಸಿಕೊಂಡ.

“ಒಂದು ಫಾರ್ಮ್ ಕಳಿಸಿದೀನಿ ಮೇಡಂ. ನಕಲಿ ಭಾಗ ಹಾಕಿದ್ದೆ, ಈಗ ತೆಗೆದಿದೀನಿ ಅಂತ ಸಹಿ ಮಾಡಿ. ಐದೇ ನಿಮಿಷದಲ್ಲಿ ಕೋಡ್ ಬರುತ್ತೆ.”

“ನಕಲಿ ಹಾಕೇ ಇಲ್ವಲ್ಲ! ಎರಡೂ ನಿಮ್ಮವೇ. ಅದಲುಬದಲಾಗಿದೆ ಅಷ್ಟೇ.”

“ಆ ಥರದ ಕಾಲಂ ಫಾರ್ಮ್‌ನಲ್ಲಿ ಇಲ್ಲ ಮೇಡಂ.”

ದೊಡ್ಡ ಡಾಕ್ಟರು, ಎಂದರೆ ನಮ್ಮ ಆಸ್ಪತ್ರೆಯ ಮುಖ್ಯಸ್ಥರು, ನನ್ನ ಭುಜದ ಮೇಲಿಂದ ಫಾರ್ಮ್ ಓದಿದರು. ರೋಗಿಯ ಯಂತ್ರಕ್ಕೆ ನಕಲಿ ಭಾಗ ಹಾಕಿದೆ ಎಂದು ಒಪ್ಪಿಕೊಂಡವರು ಮತ್ತೆ ಯಾವ ಯಂತ್ರವನ್ನೂ ಮುಟ್ಟುವಂತಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು.

“ಸಹಿ ಹಾಕಮ್ಮ. ಆಮೇಲಿಂದು ಆಮೇಲೆ ನೋಡ್ಕೊಳ್ಳೋಣ,” ಎಂದರು.

“ಆಮೇಲೆ ನೋಡೋಕೆ ನಾನು ಇಲ್ಲಿ ಇರಲ್ಲ ಸಾರ್.”

ಟೈಲರಮ್ಮ ಕೂತಲ್ಲಿಂದಲೇ ಕೈ ಎತ್ತಿದರು. “ಹಾಕಬೇಡ ಕಣಮ್ಮ. ನನ್ನ ಅಂಗಡೀಲಿ ಎರಡು ಮಿಷನ್ ಇದೆ. ಇದರ ಬಾಬಿನ್ ಅದಕ್ಕೆ ಹಾಕ್ತೀನಿ, ಅದರದ್ದು ಇದಕ್ಕೆ. ಯಾವ ಮಿಷನ್ನೂ ನನ್ನ ಕಳ್ಳಿ ಅಂದಿಲ್ಲ.” ಉಸಿರು ಎಳೆದುಕೊಂಡು ಮುಂದುವರಿಸಿದರು. “ನನ್ನ ತಮ್ಮನ ಕಿಡ್ನಿ ಹನ್ನೊಂದು ವರ್ಷ ನನ್ನೊಳಗಿತ್ತು. ಕೊನೆಗೆ ನನ್ನ ಮೈ ಬೇಡ ಅಂತು, ಸರಿ. ಬೇಡ ಅಂದಾಗಲೂ ಅದನ್ನ ನಕಲಿ ಅನ್ನಲಿಲ್ಲ.”

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಆದರೆ ಡಾಕ್ಟರ ಮುಖದಲ್ಲಿ ನಗು ಇರಲಿಲ್ಲ.

“ಹನ್ನೆರಡರ ತನಕ ಇವರು ತಡ್ಕೊಂಡಾರು. ಅದರ ಮೇಲೆ ಒಂದು ನಿಮಿಷಾನೂ ಕಾಯಲ್ಲ,” ಎಂದರು.

“ಹನ್ನೆರಡಾದ್ರೆ ಕಣ್ಮುಚ್ಚಿ ಸಹಿ ಹಾಕ್ತೀನಿ,” ಎಂದೆ. ಒಂದು ಜೀವಕ್ಕಿಂತ ನನ್ನ ಮಾನ ದೊಡ್ಡದಲ್ಲ. ಆಗ ಹತ್ತೂಮುಕ್ಕಾಲು.

ಬೆಣ್ಣೆ ದನಿಗೆ ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ಅದೇ ರಾಗ. ಸಿಟ್ಟು ನೆತ್ತಿಗೇರಿ, ಯಂತ್ರಗಳ ಜೊತೆ ಬಂದಿದ್ದ ಕಾಗದಗಳನ್ನೆಲ್ಲ ಕಪಾಟಿನಿಂದ ಎಳೆದು ನೆಲದ ಮೇಲೆ ಹರಡಿದೆ. ಯಾವ ಯಂತ್ರದಲ್ಲಿ ಯಾವ ನಂಬರಿನ ಭಾಗವಿದೆ ಎಂಬ ಪಟ್ಟಿ ಅದರಲ್ಲಿತ್ತು, ಕೆಳಗೆ ಕಂಪನಿಯ ಮೊಹರು. ಪರದೆಯ ಮೂಲೆಯಲ್ಲಿ ಯಂತ್ರ ‘ನಕಲಿ’ ಎಂದು ಬರೆದುಕೊಂಡಿದ್ದ ನಂಬರಿಗೆ ಹೋಲಿಸಿ ನೋಡಿದೆ. ಇದು ನಕಲಿ ಎಂದದ್ದು ಅದರ ಪಟ್ಟಿಯಲ್ಲಿತ್ತು, ಅದು ನಕಲಿ ಎಂದದ್ದು ಇದರ ಪಟ್ಟಿಯಲ್ಲಿ, ಒಂದಂಕಿಯೂ ವ್ಯತ್ಯಾಸವಿಲ್ಲ. ಮತ್ತೆ ಫೋನ್ ಮಾಡಿದಾಗ ಹನ್ನೊಂದೂವರೆ ದಾಟಿತ್ತು.

“ನಿಮ್ಮ ಫಾರ್ಮ್‌ಗೆ ಸಹಿ ಹಾಕ್ತೀನಿ,” ಎಂದೆ.

“ಥ್ಯಾಂಕ್ಸ್ ಮೇಡಂ.”

“ಅದಕ್ಕೆ ಮೊದಲು ನೀವೊಂದು ಕಾಗದ ಕೊಡಿ. ನಿಮ್ಮ ಯಂತ್ರ ನಕಲಿ ಅಂದಿರೋ ಎರಡು ನಂಬರನ್ನೂ ಓದ್ತೀನಿ, ಬರ್ಕೊಳ್ಳಿ. ಅವೆರಡನ್ನೂ ನಮಗೆ ಮಾರಿದ್ದು ನೀವು. ನಕಲಿ ಮಾಲು ಮಾರಿದ್ವಿ ಅಂತ ಬರೆದು, ಮೊಹರು ಹಾಕಿ ಕಳಿಸಿ. ಅದು ಬಂದ ಕೂಡಲೇ ನನ್ನ ಸಹಿ.”

ಆ ಕಡೆ ಬೆಣ್ಣೆ ಗಟ್ಟಿಯಾಯಿತು. “ಅದು... ನಮ್ಮ ಭಾಗಗಳು ನಕಲಿ ಅಲ್ಲ ಮೇಡಂ.”

“ಇದನ್ನೇ ತಾನೇ ಬೆಳಗ್ಗೆಯಿಂದ ನಾನು ಬಡ್ಕೋತಿರೋದು! ಈ ಯಂತ್ರದ್ದಲ್ಲ ಅನ್ನಲಿ, ತಡೀಲಿ, ನಾನೇ ಕೈಮುಗಿದು ಒಪ್ಕೋತೀನಿ. ನಕಲಿ ಅನ್ನೋಕೆ ಅದ್ಯಾರು?”

ಅವನು ಯಾರನ್ನೋ ಕರೆದ. ಅವರು ಇನ್ಯಾರನ್ನೋ ಕರೆದರು. ಗಡಿಯಾರ ಓಡುತ್ತಿತ್ತು. ಟೈಲರಮ್ಮ ಕಣ್ಣು ಮುಚ್ಚಿ ಬಾಯಲ್ಲಿ ಉಸಿರಾಡತೊಡಗಿದ್ದರು. ನಾನು ಆ ಹಾಳು ಫಾರ್ಮನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು ಕೂತೆ.

ಹನ್ನೆರಡಕ್ಕೆ ಏಳು ನಿಮಿಷವಿರುವಾಗ ಎರಡೂ ಯಂತ್ರಗಳ ಕೋಡ್ ಬಂತು. ಸಹಿಯಿಲ್ಲದೆಯೇ ಬಂತು. ಪರದೆ ಹಸಿರಾಗಿ, ಪರೀಕ್ಷೆಯ ಅಳತೆಗಳೆಲ್ಲ ಸರಿಯಿವೆ ಎಂದು ಖಚಿತಪಡಿಸಿಕೊಂಡ ಮೇಲೆ ನರ್ಸ್ ಸೂಜಿ ಚುಚ್ಚಿದಳು. ಟೈಲರಮ್ಮನ ರಕ್ತ ನಳಿಕೆಯಲ್ಲಿ ಓಡುವುದನ್ನು ನೋಡಿದ ಮೇಲೆ ನಾನು ಒಂದು ಲೋಟ ನೀರು ಕುಡಿದೆ.

ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು ಬರೆಯಲು ಕೂತೆ. ಎರಡು ಯಂತ್ರಗಳ ಸೆನ್ಸರನ್ನು ಒಂದೇ ಟ್ರೇಯಲ್ಲಿಟ್ಟು ಅದಲುಬದಲು ಮಾಡಿದ್ದು ನಾನು, ಗುರುತು ಹಾಕದಿದ್ದದ್ದು ನನ್ನ ತಪ್ಪು, ಇನ್ನು ಮುಂದೆ ಎರಡು ಟ್ರೇ. ದೊಡ್ಡ ಡಾಕ್ಟರು ಓದಿ ಹುಬ್ಬು ಗಂಟಿಕ್ಕಿದರು.

“ಗೆದ್ದಾಯ್ತಲ್ಲ, ಸುಮ್ನಿರಬಾರ್ದಾ? ಇದನ್ನ ನೋಡಿದ್ರೆ ಮೇಲಿನವರು ವಿಚಾರಣೆ ಮಾಡ್ತಾರೆ.”

“ಮಾಡ್ಲಿ ಸಾರ್,” ಎಂದು ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. “ನಾನು ಮಾಡಿದ್ದಕ್ಕೆ ಎಷ್ಟು ಬೇಕಾದ್ರೂ ಕೇಳ್ಲಿ.”